ಗಾಳಿಯ ಒತ್ತಡ, ಬಾಟಲಿಯ ಶುಚಿತ್ವ ಮತ್ತು ಲಾಭದ ಲೆಕ್ಕ

ಮನೆ ವೈನ್ ತಯಾರಿಕೆಯ ಕಿರು ಉಪಕರಣಗಳು: ಸಣ್ಣ ತಯಾರಕರು ಹಾಗೂ ವರ್ತಕರು ಗಮನಿಸಬೇಕಾದ ಅಂಶಗಳು

ಯಾವುದೇ ಸರಕಿನ ಬಳಕೆ ಬೆಳೆದಂತೆ ಅದಕ್ಕೆ ಬೇಕಾಗುವ ಪೂರಕ ಸಾಧನಗಳ ವ್ಯಾಪಾರವೂ ಬೆಳೆಯುತ್ತದೆ ಎಂಬುದು ವಾಣಿಜ್ಯದ ಹಳೆಯ ಪಾಠ. ಈ ಪಾಠಕ್ಕೆ ಅಮೆರಿಕದ ಇತಿಹಾಸದಲ್ಲಿ ಒಂದು ಸ್ವಾರಸ್ಯಕರ ನಿದರ್ಶನ ದೊರೆಯುತ್ತದೆ. ಆ ದೇಶದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಜಾರಿಯಲ್ಲಿತ್ತು. ಆದರೆ ಅಂದಿನ ಕಾನೂನು ಮನೆಯ ಬಳಕೆಗಾಗಿ ಹಣ್ಣಿನ ರಸ ತಯಾರಿಸಿಕೊಳ್ಳಲು ಅವಕಾಶ ನೀಡಿತ್ತು. ಈ ಅವಕಾಶವನ್ನು ಬಳಸಿಕೊಂಡು ಅಸಂಖ್ಯಾತ ಕುಟುಂಬಗಳು ಮನೆಯಲ್ಲಿಯೇ ವೈನ್ ಮಾಡತೊಡಗಿದವು. ಅನೇಕ ವೈನ್ ಕಾರ್ಖಾನೆಗಳು ಬಾಗಿಲು ಮುಚ್ಚಿದರೂ ಕ್ಯಾಲಿಫೋರ್ನಿಯಾದ ದ್ರಾಕ್ಷಿ ಮಾತ್ರ ರೈಲಿನ ಮೂಲಕ ಪೂರ್ವದ ನಗರಗಳಿಗೆ ಸಾಗುತ್ತಲೇ ಇತ್ತು. ಸಿದ್ಧ ಸರಕಿನ ಮಾರಾಟ ನಿಂತಾಗ ಕಚ್ಚಾ ಸರಕನ್ನು ಒದಗಿಸಿದವರು ಉಳಿದುಕೊಂಡರು.

ಪಾನನಿಷೇಧ ಕೊನೆಗೊಂಡ ಮೇಲೂ ಈ ಹವ್ಯಾಸ ಅಳಿಯಲಿಲ್ಲ. ಇಂದು ಅಮೆರಿಕದ ಕೇಂದ್ರ ಕಾನೂನಿನಂತೆ ಒಬ್ಬನೇ ವಯಸ್ಕನಿರುವ ಮನೆಯಲ್ಲಿ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಯಲ್ಲಿ 200 ಗ್ಯಾಲನ್ ವೈನನ್ನು ತೆರಿಗೆಯಿಲ್ಲದೆ ತಯಾರಿಸಿಕೊಳ್ಳಬಹುದು. ಅದು ಸ್ವಂತ ಹಾಗೂ ಕುಟುಂಬದ ಬಳಕೆಗೆ ಮಾತ್ರ, ಮಾರುವಂತಿಲ್ಲ. ಬ್ರಿಟನ್ನಿನಲ್ಲಿಯೂ ಸ್ವಂತ ಬಳಕೆಗೆ ಇಂತಹ ಅವಕಾಶವಿದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಮತ್ತು ಒಂಟಾರಿಯೊ ಪ್ರಾಂತ್ಯಗಳಲ್ಲಿ ಗ್ರಾಹಕನೇ ಅಂಗಡಿಗೆ ಬಂದು ತನ್ನ ವೈನನ್ನು ತಾನೇ ಹುದುಗಿಸಿ, ಬಾಟಲಿಗೆ ತುಂಬಿಸಿಕೊಂಡು ಹೋಗುವ ಅಂಗಡಿಗಳೂ ಇವೆ.

ಈ ಹವ್ಯಾಸಕ್ಕೆ ಬೇಕಾಗುವ ಸಾಧನಗಳಲ್ಲಿ ಎರಡು ವಸ್ತುಗಳು ಸಣ್ಣ ತಯಾರಕರ ಗಮನಕ್ಕೆ ಅರ್ಹವಾಗಿವೆ. ಒಂದು ವ್ಯಾಕ್ಯೂಮ್ ಪಂಪ್, ಅಂದರೆ ನಿರ್ವಾತ ಪಂಪು. ಇನ್ನೊಂದು ಬಾಟಲಿ ತೊಳೆಯುವ ಸಾಧನ. ಇವೆರಡೂ ಬೃಹತ್ ಬಂಡವಾಳ ಬೇಡುವ ಯಂತ್ರಗಳಲ್ಲ. ಲೇತು, ಡ್ರಿಲ್ಲಿಂಗ್ ಹಾಗೂ ಜೋಡಣೆಯ ಸೌಲಭ್ಯವಿರುವ ಸಾಮಾನ್ಯ ಕಾರ್ಯಾಗಾರದ ಅಳವಿಗೆ ಸಿಗುವಂಥವು. ಬೆಂಗಳೂರಿನ ಪೀಣ್ಯ, ಬೆಳಗಾವಿಯ ಎರಕದ ಕಾರ್ಖಾನೆಗಳು, ಹುಬ್ಬಳ್ಳಿಯ ವಾಲ್ವ್ ತಯಾರಕರು ಇದಕ್ಕಿಂತ ಕಠಿಣವಾದ ಬಿಡಿಭಾಗಗಳನ್ನು ದಿನನಿತ್ಯ ತಯಾರಿಸುತ್ತಾರೆ. ಆದರೆ ಉಪಕರಣದ ನಿಜವಾದ ಬಳಕೆಯನ್ನೂ ಅದರ ಸುತ್ತಲಿನ ಕಾನೂನನ್ನೂ ಅರಿಯದೆ ಈ ವ್ಯಾಪಾರಕ್ಕೆ ಇಳಿದರೆ ಲಾಭದ ಬದಲು ನಷ್ಟವೇ ಗಂಟು ಬೀಳುವ ಸಂಭವವಿದೆ.

ಪಂಪಿನ ಕೆಲಸವೇನು?

ಮನೆಯಲ್ಲಿ ವೈನ್ ಮಾಡುವವರು ಸಾಮಾನ್ಯವಾಗಿ 19 ಅಥವಾ 23 ಲೀಟರ್ ಹಿಡಿಯುವ, ಕಿರಿದಾದ ಕತ್ತಿನ ಗಾಜಿನ ಜಾಡಿಯನ್ನು ಬಳಸುತ್ತಾರೆ. ಇದಕ್ಕೆ ಕಾರ್‌ಬಾಯ್ ಎಂದು ಹೆಸರು. 23 ಲೀಟರಿನ ಒಂದು ಜಾಡಿಯಿಂದ 750 ಮಿಲಿಲೀಟರಿನ ಸುಮಾರು 30 ಬಾಟಲಿ ವೈನ್ ದೊರೆಯುತ್ತದೆ. ಹುದುಗುವಿಕೆ ಮುಗಿದಂತೆ ಯೀಸ್ಟ್ ಹಾಗೂ ಹಣ್ಣಿನ ಕಣಗಳು ತಳದಲ್ಲಿ ಗಸಿಯಾಗಿ ನಿಲ್ಲುತ್ತವೆ. ಮೇಲಿನ ತಿಳಿಯನ್ನು ಬೇರೆ ಜಾಡಿಗೆ ವರ್ಗಾಯಿಸಬೇಕು. ಒಂದೇ ವೈನಿಗೆ ಈ ಕೆಲಸವನ್ನು ಎರಡು ಮೂರು ಬಾರಿ ಮಾಡಬೇಕಾಗುತ್ತದೆ.

ಸಾಂಪ್ರದಾಯಿಕ ವಿಧಾನದಲ್ಲಿ ತುಂಬಿದ ಜಾಡಿಯನ್ನು ಮೇಜಿನ ಮೇಲಿಟ್ಟು, ಸೈಫನ್ ಕೊಳವೆಯ ಮೂಲಕ ಕೆಳಗಿನ ಜಾಡಿಗೆ ಇಳಿಸುತ್ತಾರೆ. ಗಾಜಿನ ತೂಕವೂ ಸೇರಿ ತುಂಬಿದ ಜಾಡಿ ಸುಮಾರು 30 ಕಿಲೋಗ್ರಾಂ ತೂಗುತ್ತದೆ. ಕಾನೂನು ಅನುಮತಿಸುವ ಗರಿಷ್ಠ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ವೈನ್ ಮಾಡುವ ಕುಟುಂಬಕ್ಕೆ ಇಂತಹ 33 ಜಾಡಿಗಳು ಬೇಕು. ಪ್ರತಿಯೊಂದನ್ನೂ ಮೂರು ಬಾರಿ ಎತ್ತಿದರೆ ವರ್ಷದಲ್ಲಿ ಸುಮಾರು ಮೂರು ಟನ್ ಭಾರ ಎತ್ತಿದಂತಾಯಿತು. ಒದ್ದೆ ಕೈಯಲ್ಲಿ ಗಾಜು ಜಾರಿದರೆ ಆಗುವ ಗಾಯ ಬೇರೆ. ಆದುದರಿಂದಲೇ ವಯಸ್ಸಾದ ಹವ್ಯಾಸಿಗಳಿಗೆ ನಿರ್ವಾತ ಪಂಪು ವೈಭವದ ವಸ್ತುವಾಗಿರದೆ ಬೆನ್ನು ಉಳಿಸುವ ಸಾಧನವಾಗುತ್ತದೆ.

ಕಾರ್ಯವಿಧಾನ ಸರಳ. ಖಾಲಿ ಜಾಡಿಗೆ ಎರಡು ರಂಧ್ರಗಳ ರಬ್ಬರ್ ಬಿರಡೆಯನ್ನು ಹಾಕಲಾಗುತ್ತದೆ. ಒಂದು ರಂಧ್ರದ ಕೊಳವೆ ಪಂಪಿಗೆ, ಇನ್ನೊಂದು ತುಂಬಿದ ಜಾಡಿಗೆ ಸಂಪರ್ಕ ಹೊಂದಿರುತ್ತದೆ. ಪಂಪು ಖಾಲಿ ಜಾಡಿಯ ಗಾಳಿಯನ್ನು ತೆಗೆದಾಗ ಹೊರಗಿನ ವಾಯುಭಾರವು ತುಂಬಿದ ಜಾಡಿಯಲ್ಲಿನ ವೈನನ್ನು ತಳ್ಳಿ ಖಾಲಿ ಜಾಡಿಗೆ ಕಳುಹಿಸುತ್ತದೆ. ವೈನ್ ಪಂಪಿನೊಳಗೆ ಹೋಗುವುದೇ ಇಲ್ಲ. ಎರಡೂ ಜಾಡಿಗಳು ನೆಲದ ಮೇಲೆಯೇ ಇರಬಹುದು.

ಇದೇ ಪಂಪಿನಿಂದ ಇನ್ನೂ ಮೂರು ಕೆಲಸಗಳಾಗುತ್ತವೆ. ಮೊದಲನೆಯದು ವೈನಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಹೊರತೆಗೆಯುವುದು. ಹೊಸ ವೈನಿನಲ್ಲಿ ಈ ಅನಿಲ ಉಳಿದರೆ ನಾಲಿಗೆಗೆ ಚುರುಗುಟ್ಟುವ ರುಚಿ ಬರುತ್ತದೆ, ತಿಳಿಯಾಗುವುದೂ ತಡವಾಗುತ್ತದೆ. ದ್ರವದ ಮೇಲಿನ ಒತ್ತಡ ಇಳಿದಾಗ ಕರಗಿದ ಅನಿಲ ಗುಳ್ಳೆಯಾಗಿ ಹೊರಬರುವುದು ನೈಸರ್ಗಿಕ ನಿಯಮ. ಸೋಡಾ ಬಾಟಲಿ ತೆರೆದಾಗ ಆಗುವುದೂ ಇದೇ. ಎರಡನೆಯದು ಸೋಸು ಹಲಗೆಯ ಮೂಲಕ ವೈನನ್ನು ಎಳೆದು ಶೋಧಿಸುವುದು. ಮೂರನೆಯದು ಬಾಟಲಿ ತುಂಬುವುದು. ನಿರ್ವಾತದಿಂದ ತುಂಬುವ ಮೂತಿಯಲ್ಲಿ ನಿಗದಿತ ಮಟ್ಟಕ್ಕಿಂತ ಮೇಲೇರಿದ ವೈನ್ ತಾನಾಗಿಯೇ ಪಕ್ಕದ ಸಂಗ್ರಹ ಬಾಟಲಿಗೆ ಹೋಗುವುದರಿಂದ ಎಲ್ಲ ಬಾಟಲಿಗಳ ಮಟ್ಟ ಒಂದೇ ಆಗಿರುತ್ತದೆ.

ಹೆಚ್ಚಿನ ಶಕ್ತಿಯೆಂದರೆ ಹೆಚ್ಚಿನ ಉಪಯೋಗವಲ್ಲ

ತಯಾರಕರು ಹಾಗೂ ಮಾರಾಟಗಾರರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ಪಂಪಿನ ಶಕ್ತಿ ಹೆಚ್ಚಿದಷ್ಟೂ ಸರಕು ಉತ್ತಮ ಎಂಬ ಭಾವನೆ ಇದೆ. ಲೆಕ್ಕ ಹಾಕಿದರೆ ಚಿತ್ರ ಬೇರೆಯೇ ಆಗಿ ಕಾಣುತ್ತದೆ. ಸಮುದ್ರ ಮಟ್ಟದಲ್ಲಿ ವಾಯುಭಾರ 760 ಮಿಲಿಮೀಟರ್ ಪಾದರಸಕ್ಕೆ ಸಮ. ಗೇಜಿನ ಅಂಗುಲದ ಲೆಕ್ಕದಲ್ಲಿ ಸುಮಾರು 30. ವೈನನ್ನು 90 ಸೆಂಟಿಮೀಟರ್ ಎತ್ತರಕ್ಕೆ ಏರಿಸಲು ಬೇಕಾಗುವುದು ಕೇವಲ 66 ಮಿಲಿಮೀಟರ್, ಅಂದರೆ ಎರಡೂವರೆ ಅಂಗುಲದಷ್ಟು ನಿರ್ವಾತ. ಕೊಳವೆಯ ಘರ್ಷಣೆಗೆ ಇನ್ನಷ್ಟು ಸೇರಿಸಿದರೂ ಐದಾರು ಅಂಗುಲ ಸಾಕು. ಅನಿಲ ತೆಗೆಯುವ ಕೆಲಸಕ್ಕೆ ಮಾತ್ರ 20 ಅಂಗುಲದ ಆಸುಪಾಸಿನ ಆಳವಾದ ನಿರ್ವಾತ ಬಳಕೆಯಲ್ಲಿದೆ.

ಆದ್ದರಿಂದ ಬಳಕೆದಾರನಿಗೆ ನಿಜವಾಗಿ ಬೇಕಾಗಿರುವುದು ದೊಡ್ಡ ಮೋಟಾರಲ್ಲ. ನಿರ್ವಾತವನ್ನು ಬೇಕಾದ ಮಟ್ಟಕ್ಕೆ ನಿಲ್ಲಿಸುವ ನಿಯಂತ್ರಣ ವಾಲ್ವ್, ಸರಿಯಾಗಿ ಓದುವ ಗೇಜು, ಗಾಳಿ ಸೋರದ ಬಿರಡೆ ಮತ್ತು ಒಳಕ್ಕೆ ಕುಸಿಯದ ದಪ್ಪ ಗೋಡೆಯ ಕೊಳವೆ ಅವನಿಗೆ ಬೇಕು. ಜೋಡಣೆಯಲ್ಲಿ ಸೋರಿಕೆ ಇದ್ದರೆ ಕೊಳವೆಯಲ್ಲಿ ಗಾಳಿಯ ಗುಳ್ಳೆಗಳು ಸೇರಿ ವೈನ್ ಆಮ್ಲಜನಕದ ಸಂಪರ್ಕದಿಂದ ಕೆಡುತ್ತದೆ. ಗ್ರಾಹಕ ದೂರುವುದು ಪಂಪನ್ನಾದರೂ ತಪ್ಪು ಎರಡು ರೂಪಾಯಿಯ ವಾಷರಿನದಾಗಿರುತ್ತದೆ.

ಗೇಜಿನ ಓದಿನಲ್ಲಿಯೂ ಒಂದು ಸೂಕ್ಷ್ಮವಿದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ವಾಯುಭಾರ ಸುಮಾರು 680 ಮಿಲಿಮೀಟರ್ ಮಾತ್ರ. ಎಷ್ಟೇ ಉತ್ತಮ ಪಂಪಾದರೂ ಇಲ್ಲಿ ಗೇಜು 27 ಅಂಗುಲವನ್ನು ದಾಟದು. ಇದನ್ನರಿಯದೆ ಪಂಪು ದೋಷಪೂರಿತವೆಂದು ತಿರಸ್ಕರಿಸುವುದಾಗಲಿ, ಸಮುದ್ರ ಮಟ್ಟದ ಅಂಕಿಯನ್ನು ಪರೀಕ್ಷಾ ಪತ್ರದಲ್ಲಿ ನಮೂದಿಸುವುದಾಗಲಿ ಸಲ್ಲದು. ಪರೀಕ್ಷೆ ನಡೆದ ಸ್ಥಳ ಮತ್ತು ಅಂದಿನ ವಾಯುಭಾರವನ್ನು ದಾಖಲಿಸುವುದೇ ಸರಿಯಾದ ಪದ್ಧತಿ.

ಪಂಪುಗಳಲ್ಲಿ ಎಣ್ಣೆ ಬಳಸುವವು ಹಾಗೂ ಎಣ್ಣೆರಹಿತ ಡಯಾಫ್ರಮ್ ಪಂಪುಗಳು ಎಂದು ಮುಖ್ಯವಾಗಿ ಎರಡು ಬಗೆ. ಶೀತಕ ಯಂತ್ರಗಳ ದುರಸ್ತಿಗೆ ಬಳಸುವ ಎಣ್ಣೆಯ ಪಂಪು ಅಗ್ಗವಾಗಿ ಸಿಗುತ್ತದೆ. ಆದರೆ ನೀರಿನ ಆವಿ ಅದರ ಎಣ್ಣೆಯನ್ನು ಕೆಡಿಸುತ್ತದೆ. ಅದು ಹೊರಬಿಡುವ ಎಣ್ಣೆಯ ಮಂಜು ಆಹಾರವಿರುವ ಕೋಣೆಗೆ ತಕ್ಕುದಲ್ಲ. ಆಹಾರ ಪದಾರ್ಥದ ಕೆಲಸಕ್ಕೆ ಎಣ್ಣೆರಹಿತ ಪಂಪೇ ಸೂಕ್ತ. ಯಾವ ಬಗೆಯ ಪಂಪಾದರೂ ಜಾಡಿಗೂ ಪಂಪಿಗೂ ನಡುವೆ ಒಂದು ಖಾಲಿ ರಕ್ಷಣಾ ಬಾಟಲಿಯನ್ನು ಇಡಲೇಬೇಕು. ನೊರೆ ಉಕ್ಕಿ ಬಂದರೆ ಅದು ಪಂಪಿಗೆ ಸೇರದೆ ಅಲ್ಲಿಯೇ ನಿಲ್ಲುತ್ತದೆ.

ಗಾಜಿನ ಜಾಡಿಯ ಅಪಾಯ

ಹದಿನೇಳನೆಯ ಶತಮಾನದಲ್ಲಿ ಜರ್ಮನಿಯ ಓಟ್ಟೊ ಫಾನ್ ಗೆರಿಕೆ ಎಂಬಾತನು ಎರಡು ಲೋಹದ ಅರ್ಧಗೋಳಗಳನ್ನು ಜೋಡಿಸಿ, ಒಳಗಿನ ಗಾಳಿ ತೆಗೆದು, ಕುದುರೆಗಳಿಂದ ಎಳೆಸಿದರೂ ಅವು ಬೇರೆಯಾಗದಿದ್ದುದನ್ನು ತೋರಿಸಿದನು. ಕಣ್ಣಿಗೆ ಕಾಣದ ವಾಯುಭಾರದ ಬಲ ಎಷ್ಟೆಂಬುದಕ್ಕೆ ಇದು ಸಾಕ್ಷಿ. 30 ಸೆಂಟಿಮೀಟರ್ ವ್ಯಾಸದ ಜಾಡಿಯಲ್ಲಿ 20 ಅಂಗುಲ ನಿರ್ವಾತ ಉಂಟಾದಾಗ ಅದರ ತಳವೊಂದರ ಮೇಲೆಯೇ ಸುಮಾರು 480 ಕಿಲೋಗ್ರಾಂ ಭಾರ ಬೀಳುತ್ತದೆ. ಗಾಜಿನಲ್ಲಿ ಒಂದು ಸಣ್ಣ ಗೀರು, ಒಂದು ಗುಳ್ಳೆ ಅಥವಾ ಹಳೆಯ ಪೆಟ್ಟಿನ ಗುರುತಿದ್ದರೂ ಜಾಡಿ ಒಳಕ್ಕೆ ಕುಸಿದು ಚೂರುಗಳು ಸಿಡಿಯಬಹುದು.

ಆದುದರಿಂದ ಈ ಉಪಕರಣದ ಜೊತೆಗೆ ಕೊಡುವ ಸೂಚನಾ ಪತ್ರವು ಕೇವಲ ಔಪಚಾರಿಕ ಕಾಗದವಾಗಬಾರದು. ಗೀರು ಬಿದ್ದ ಜಾಡಿಯನ್ನು ಬಳಸಬಾರದು. ಚೌಕಾಕಾರದ ಅಥವಾ ತೆಳು ಗೋಡೆಯ ಪಾತ್ರೆಗಳಿಗೆ ನಿರ್ವಾತ ಕೊಡಬಾರದು. ಪ್ಲಾಸ್ಟಿಕ್ ಜಾಡಿಗಳು ಅನಿಲ ತೆಗೆಯುವ ಮಟ್ಟದ ನಿರ್ವಾತಕ್ಕೆ ಮುದುಡಿಹೋಗುತ್ತವೆ. ಕಣ್ಣಿಗೆ ಕನ್ನಡಕ ಧರಿಸಬೇಕು. ಜಾಡಿಯ ಸುತ್ತ ದಪ್ಪ ಬಟ್ಟೆಯ ಹೊದಿಕೆ ಇರಬೇಕು. ನಿರ್ವಾತವನ್ನು ನಿಧಾನವಾಗಿ ಏರಿಸಿ ನಿಧಾನವಾಗಿ ಇಳಿಸಬೇಕು. ಈ ಆರು ಮಾತುಗಳು ಬಳಕೆದಾರನ ಭಾಷೆಯಲ್ಲಿ ದೊಡ್ಡ ಅಕ್ಷರದಲ್ಲಿ ಇರುವುದು ಅಗತ್ಯ. ನಿಗದಿತ ಮಟ್ಟ ಮೀರಿದಾಗ ತಾನಾಗಿಯೇ ಗಾಳಿ ಒಳಬಿಡುವ ಸುರಕ್ಷಾ ವಾಲ್ವನ್ನು ಜೋಡಿಸುವುದು ಇನ್ನೂ ಉತ್ತಮ. ವಿದೇಶದಲ್ಲಿ ಒಬ್ಬ ಗ್ರಾಹಕನಿಗೆ ಗಾಯವಾಗಿ ಪರಿಹಾರದ ದಾವೆ ಬಂದರೆ ಸಣ್ಣ ಕಾರ್ಖಾನೆಯ ಹಲವು ವರ್ಷಗಳ ಗಳಿಕೆ ಅದರಲ್ಲಿಯೇ ಕರಗಿಹೋಗಬಹುದು. ಉತ್ಪನ್ನ ಹೊಣೆಗಾರಿಕೆಯ ವಿಮೆಯ ಕಂತನ್ನು ವೆಚ್ಚದ ಪಟ್ಟಿಯಲ್ಲಿ ಮೊದಲೇ ಸೇರಿಸಿಕೊಳ್ಳುವುದು ವಿವೇಕ.

ಬಳಕೆಯಲ್ಲಿಯೂ ಮಿತಿ ಬೇಕು. ದೀರ್ಘಕಾಲ ನಿರ್ವಾತದಲ್ಲಿಟ್ಟರೆ ಅನಿಲದ ಜೊತೆಗೆ ವೈನಿನ ಪರಿಮಳವೂ ಅದನ್ನು ಕಾಪಾಡುವ ಗಂಧಕದ ಡೈಆಕ್ಸೈಡ್ ಅಂಶವೂ ಸ್ವಲ್ಪಮಟ್ಟಿಗೆ ಹೋಗುತ್ತವೆ. ನೊರೆ ಕಡಿಮೆಯಾಗಿ ದೊಡ್ಡ ಗುಳ್ಳೆಗಳು ಮಾತ್ರ ಕಾಣಿಸತೊಡಗಿದಾಗ ನಿಲ್ಲಿಸಿ, ಗಂಧಕದ ಪ್ರಮಾಣವನ್ನು ಮತ್ತೆ ಅಳೆಯುವುದು ಕ್ರಮ.

ಬಾಟಲಿ ತೊಳೆಯುವ ಸಾಧನ

ವರ್ಷಕ್ಕೆ 757 ಲೀಟರ್ ವೈನ್ ಮಾಡುವವನು ಸುಮಾರು ಸಾವಿರ ಬಾಟಲಿಗಳನ್ನು ತೊಳೆಯಬೇಕು. ವೈನ್ ಕೆಡುವುದಕ್ಕೆ ಹುದುಗುವಿಕೆಯ ತಪ್ಪು ಎಷ್ಟು ಕಾರಣವೋ ಬಾಟಲಿಯ ಕೊಳಕೂ ಅಷ್ಟೇ ಕಾರಣ. ಮನೆ ಬಳಕೆಯ ಸಾಧನ ಅತಿ ಸರಳ: ನಲ್ಲಿಗೆ ತಿರುಪಿ ಜೋಡಿಸುವ ಬಾಗಿದ ಹಿತ್ತಾಳೆಯ ಕೊಳವೆ, ಅದರ ತುದಿಯಲ್ಲಿ ಚಿಮ್ಮುವ ಮೂತಿ, ನಡುವೆ ಒತ್ತಿದಾಗ ಮಾತ್ರ ತೆರೆಯುವ ವಾಲ್ವ್. ಬಾಟಲಿಯನ್ನು ಬೋರಲು ಹಾಕಿ ಒತ್ತಿದರೆ ಬಿಸಿನೀರು ತಳಕ್ಕೆ ಬಡಿದು ಗೋಡೆಗುಂಟ ಇಳಿಯುತ್ತದೆ. ಎತ್ತಿದರೆ ನೀರು ನಿಲ್ಲುತ್ತದೆ. ನಿಮಿಷಕ್ಕೆ 8 ಲೀಟರ್ ಹರಿವಿದ್ದು ಆರು ಸೆಕೆಂಡ್ ಒತ್ತಿದರೆ ಬಾಟಲಿಗೆ 800 ಮಿಲಿಲೀಟರ್ ನೀರು ಖರ್ಚಾಗುತ್ತದೆ. ಒಂದು ಬಾಟಲಿಯಿಂದ ಇನ್ನೊಂದಕ್ಕೆ ಹೋಗುವ ನಡುವೆ ನೀರು ಹರಿಯದಿರುವುದೇ ಇದರ ದೊಡ್ಡ ಉಳಿತಾಯ.

ಸಾಮಾನ್ಯ ವೈನ್ ಬಾಟಲಿಯ ಬಾಯಿಯ ಒಳವ್ಯಾಸ ಸುಮಾರು 18.5 ಮಿಲಿಮೀಟರ್. ಮೂತಿಯ ಕೊಳವೆ ದಪ್ಪವಾದರೆ ಕೊಳಕು ನೀರು ಹೊರಬರಲು ಜಾಗವಿಲ್ಲದೆ ಬಾಟಲಿಯಲ್ಲಿಯೇ ನಿಲ್ಲುತ್ತದೆ. ತೀರ ತೆಳುವಾದರೆ ನೀರಿನ ರಭಸ ತಳವನ್ನು ಮುಟ್ಟದು. ಸೆಲೆಯುವ ಶಕ್ತಿ ಇರುವುದು ಈ ಅಳತೆಯಲ್ಲಿಯೇ ಹೊರತು ಹೊಳಪಿನಲ್ಲಿ ಅಲ್ಲ.

ತೊಳೆಯುವುದು ಹಾಗೂ ಕ್ರಿಮಿಶುದ್ಧಿ ಮಾಡುವುದು ಎರಡು ಬೇರೆ ಕೆಲಸಗಳು ಎಂಬುದನ್ನು ಮಾರಾಟಗಾರರು ಗ್ರಾಹಕರಿಗೆ ತಿಳಿಹೇಳಬೇಕು. ನೀರಿನ ಚಿಮ್ಮುವಿಕೆ ಧೂಳನ್ನೂ ಸಡಿಲವಾದ ಕೊಳೆಯನ್ನೂ ತೆಗೆಯುತ್ತದೆ. ಒಣಗಿ ಅಂಟಿದ ಕೊಳೆಗೆ ಮೊದಲು ಕ್ಷಾರದ ನೀರಿನಲ್ಲಿ ನೆನೆಸಬೇಕು. ಅನಂತರ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ದ್ರಾವಣವನ್ನು ಚಿಮ್ಮಿಸಿ ಬೋರಲು ಹಾಕಿ ಒಣಗಿಸುವುದು ರೂಢಿ. ಈ ದ್ರಾವಣದ ಆವಿ ಗಂಟಲನ್ನು ಕೆರಳಿಸುತ್ತದೆ, ಉಬ್ಬಸವಿರುವವರು ದೂರವಿರಬೇಕು. ಬ್ಲೀಚಿಂಗ್ ಪುಡಿಯಂತಹ ಕ್ಲೋರಿನ್ ಪದಾರ್ಥಗಳನ್ನು ಬಳಸಲೇಬಾರದು. ಕ್ಲೋರಿನ್ ಅಂಶ ಬಿರಡೆಯ ತೊಗಟೆಯ ಸಂಪರ್ಕಕ್ಕೆ ಬಂದು ಬೂಷ್ಟಿನೊಡನೆ ಸೇರಿದರೆ ಟ್ರೈಕ್ಲೋರೋಅನಿಸೋಲ್ ಎಂಬ ವಸ್ತು ಉಂಟಾಗಿ ವೈನಿಗೆ ಹಸಿ ನೆಲಮಾಳಿಗೆಯ ವಾಸನೆ ಬರುತ್ತದೆ.

ಕಾರ್ಖಾನೆ ಮಟ್ಟದ ಯಂತ್ರಗಳಲ್ಲಿ ಶೇ. 1ರಿಂದ 3ರಷ್ಟು ಕಾಸ್ಟಿಕ್ ಸೋಡಾ ಇರುವ 60ರಿಂದ 80 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಬಾಟಲಿಗಳನ್ನು ನೆನೆಸಿ, ಬಳಿಕ ಶುದ್ಧ ನೀರಿನಿಂದ ಹಲವು ಬಾರಿ ಜಾಲಾಡುತ್ತಾರೆ. ಇಂತಹ ಯಂತ್ರ ಕೊಳ್ಳುವವರು ಅದರ ಬೆಲೆಯ ಜೊತೆಗೆ ಇಂಧನ, ಮೆದು ನೀರು ಹಾಗೂ ಕ್ಷಾರಯುಕ್ತ ಕೊಳಚೆ ನೀರಿನ ಸಂಸ್ಕರಣೆಯ ವೆಚ್ಚವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ರಫ್ತಿಗೆ ಮುನ್ನ

ಈ ಉಪಕರಣಗಳಿಗೆ ಮುಖ್ಯ ಮಾರುಕಟ್ಟೆ ಉತ್ತರ ಅಮೆರಿಕ. ಅಲ್ಲಿನ ಅಳತೆಗಳು ಬೇರೆ. ಭಾರತದ ನಲ್ಲಿಗಳಲ್ಲಿ ಬ್ರಿಟಿಷ್ ಮಾದರಿಯ ತಿರುಪು ಬಳಕೆಯಲ್ಲಿದ್ದರೆ ಅಮೆರಿಕದ ಅಡುಗೆಮನೆಯ ನಲ್ಲಿ ಮತ್ತು ತೋಟದ ಕೊಳವೆಯ ತಿರುಪುಗಳು ತಮ್ಮದೇ ಮಾದರಿಯವು. ಕಣ್ಣಿಗೆ ಒಂದೇ ರೀತಿ ಕಂಡರೂ ಒಂದರೊಳಗೊಂದು ಕೂರದು. ವಿದ್ಯುತ್ ಅಲ್ಲಿ 120 ವೋಲ್ಟ್, 60 ಹರ್ಟ್ಜ್. ಇಲ್ಲಿ 230 ವೋಲ್ಟ್, 50 ಹರ್ಟ್ಜ್. 50 ಹರ್ಟ್ಜ್‌ಗೆ ರಚಿಸಿದ ಇಂಡಕ್ಷನ್ ಮೋಟಾರು 60 ಹರ್ಟ್ಜ್‌ನಲ್ಲಿ ಶೇ. 20ರಷ್ಟು ವೇಗವಾಗಿ ತಿರುಗುತ್ತದೆ. ಸುತ್ತುಗಳ ರಚನೆಯನ್ನೇ ಬದಲಿಸಬೇಕಾಗುತ್ತದೆ.

ಲೋಹದ ವಿಷಯದಲ್ಲಿ ಇನ್ನೂ ಗಂಭೀರವಾದ ಅಂಶವಿದೆ. ಲೇತಿನಲ್ಲಿ ಸುಲಭವಾಗಿ ಕೊರೆಯಲು ಬರುವ ಸಾಮಾನ್ಯ ಹಿತ್ತಾಳೆಯಲ್ಲಿ ಶೇ. 2ರಿಂದ 3ರ ಆಸುಪಾಸಿನಲ್ಲಿ ಸೀಸ ಇರುತ್ತದೆ. ಅಮೆರಿಕದಲ್ಲಿ 2014ರ ಜನವರಿಯಿಂದ ಕುಡಿಯುವ ನೀರು ತಗಲುವ ಜೋಡಣೆಗಳ ಮೇಲ್ಮೈಯಲ್ಲಿ ಸೀಸದ ಸರಾಸರಿ ಪ್ರಮಾಣ ಶೇ. 0.25ನ್ನು ಮೀರುವಂತಿಲ್ಲ. ಗುಜರಿ ಹಿತ್ತಾಳೆಯಿಂದ ಎರಕ ಹೊಯ್ದು ಅಗ್ಗದ ಬೆಲೆ ಹೇಳುವ ತಯಾರಕನು ಒಂದು ಸಂಪೂರ್ಣ ಸರಕನ್ನೇ ಕಳೆದುಕೊಳ್ಳಬಹುದು. ಸೀಸರಹಿತ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಬಳಸಿ, ಪ್ರತಿ ಎರಕಕ್ಕೂ ಪರೀಕ್ಷಾ ವರದಿ ಇಡುವುದು ಅನಿವಾರ್ಯ. ವೈನ್ ನೇರವಾಗಿ ತಗಲುವ ಭಾಗಗಳಿಗೆ ಹಿತ್ತಾಳೆ ಸಲ್ಲದು. ತಾಮ್ರದ ಅಂಶ ಸೇರಿ ವೈನ್ ಮಬ್ಬಾಗುತ್ತದೆ. ಅಲ್ಲಿ ಸ್ಟೇನ್‌ಲೆಸ್ ಸ್ಟೀಲ್, ಗಾಜು, ಆಹಾರ ದರ್ಜೆಯ ಸಿಲಿಕೋನ್ ಮಾತ್ರ ಇರಲಿ.

ಲಾಭದ ನಿಜವಾದ ಲೆಕ್ಕ

ಒಬ್ಬ ತಯಾರಕನು ಸಾವಿರ ಬಾಟಲಿ ತೊಳೆಯುವ ಸಾಧನಗಳ ಆದೇಶ ಪಡೆದನೆಂದು ಭಾವಿಸೋಣ. ಕಚ್ಚಾ ಸಾಮಗ್ರಿ ಮತ್ತು ಯಂತ್ರದ ಕೆಲಸಕ್ಕೆ 260 ರೂ., ಪ್ಯಾಕಿಂಗಿಗೆ 30 ರೂ., ಕಾರ್ಖಾನೆಯ ಇತರ ವೆಚ್ಚದ ಪಾಲು 60 ರೂ., ಒಟ್ಟು 350 ರೂ. ಮಾರಾಟ ಬೆಲೆ 450 ರೂ. ಕಾಗದದ ಮೇಲೆ ಲಾಭ ಒಂದು ಲಕ್ಷ ರೂಪಾಯಿ.

ತಿರುಪು ಹೊಂದದ ಕಾರಣ ನೂರಕ್ಕೆ ಆರು ಸಾಧನಗಳು ಮರಳಿ ಬಂದವೆಂದು ಇಟ್ಟುಕೊಳ್ಳೋಣ. 60 ಸಾಧನಗಳ ಬೆಲೆ ಹಿಂದಿರುಗಿಸಲು 27,000 ರೂ.; ಸಾಧನಕ್ಕೆ 300 ರೂ.ನಂತೆ ಸಾಗಣೆಗೆ 18,000 ರೂ. ಲಾಭ 55,000ಕ್ಕೆ ಇಳಿಯಿತು. ಹೂಡಿದ ಮೂರೂವರೆ ಲಕ್ಷ ರೂಪಾಯಿ ಐದು ತಿಂಗಳ ಬಳಿಕ ಕೈಸೇರಿದರೆ ಶೇ. 11ರ ಬಡ್ಡಿ ಸುಮಾರು 16,000 ರೂ. ಕೊನೆಗೆ ಉಳಿಯುವುದು 39,000 ರೂ. ಒಂದು ಲಕ್ಷದ ಲಾಭ ಐದರಲ್ಲಿ ಎರಡು ಪಾಲಿಗೂ ಕಡಿಮೆಯಾಯಿತು. ಮರಳಿಬರುವ ಸಾಧನಗಳು ನೂರಕ್ಕೆ ಒಂದಕ್ಕೆ ಇಳಿದರೆ ಮೇಲಿನ 45,000ದ ಬದಲು 7,500 ರೂ. ಮಾತ್ರ ಹೋಗುತ್ತದೆ. ಅಂದರೆ ತಿರುಪಿನ ಗೇಜಿಗೂ ಅಂತಿಮ ಪರೀಕ್ಷೆಗೂ ಮಾಡುವ ಖರ್ಚು ಲಾಭವನ್ನು ತಿನ್ನುವುದಿಲ್ಲ, ಕಾಯುತ್ತದೆ.

ಋತುಮಾನವೂ ಮುಖ್ಯ. ಉತ್ತರ ಗೋಳಾರ್ಧದಲ್ಲಿ ದ್ರಾಕ್ಷಿ ಕೊಯ್ಲು ಆಗಸ್ಟ್‌ನಿಂದ ಅಕ್ಟೋಬರ್. ಸರಕು ಅದಕ್ಕೆ ಮೊದಲೇ ಅಂಗಡಿ ಸೇರಿರಬೇಕು. ಆಸ್ಟ್ರೇಲಿಯಾದಂತಹ ದಕ್ಷಿಣ ಗೋಳಾರ್ಧದ ದೇಶಗಳಲ್ಲಿ ಕೊಯ್ಲು ಬಹುಮಟ್ಟಿಗೆ ಫೆಬ್ರವರಿಯಿಂದ ಏಪ್ರಿಲ್. ಎರಡೂ ಮಾರುಕಟ್ಟೆಗಳನ್ನು ಹೊಂದಿದವನಿಗೆ ಕಾರ್ಖಾನೆ ವರ್ಷವಿಡೀ ನಡೆಯುತ್ತದೆ. ಅಮೆರಿಕದ ಆಮದು ಸುಂಕ 2025ರಲ್ಲಿ ಹಲವು ಬಾರಿ ಬದಲಾದುದರಿಂದ, ಸುಂಕದ ಹೊರೆ ಯಾರದೆಂಬುದನ್ನು ಒಪ್ಪಂದದಲ್ಲಿಯೇ ಸ್ಪಷ್ಟಪಡಿಸಿಕೊಳ್ಳಬೇಕು. ನೇರ ರಫ್ತಿನ ಬದಲು ದೇಶೀಯ ರಫ್ತು ವರ್ತಕರಿಗೆ ಮಾರುವ ಸಣ್ಣ ತಯಾರಕರು ಉದ್ಯಮ್ ನೋಂದಣಿ ಮಾಡಿಸಿರಬೇಕು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯಂತೆ ಸೂಕ್ಷ್ಮ ಹಾಗೂ ಸಣ್ಣ ಉದ್ಯಮಗಳಿಗೆ ಲಿಖಿತ ಒಪ್ಪಂದವಿದ್ದರೂ 45 ದಿನಗಳೊಳಗೆ, ಇಲ್ಲದಿದ್ದರೆ 15 ದಿನಗಳೊಳಗೆ ಹಣ ಸಲ್ಲಬೇಕು.

ರಾಜ್ಯದಲ್ಲಿ ಮಾರುವ ಮುನ್ನ ಕಾನೂನು

ಕೊಡಗಿನಲ್ಲಿ ಮನೆಯಲ್ಲಿ ತಯಾರಿಸಿದ ವೈನ್ ಎಂಬ ಹೆಸರಿನ ಬಾಟಲಿಗಳು ಪ್ರವಾಸಿಗರಿಗೆ ಪರಿಚಿತ. ಇದನ್ನು ಕಂಡು ಇಲ್ಲಿಯೂ ಮನೆ ವೈನ್ ಉಪಕರಣಕ್ಕೆ ಮುಕ್ತ ಮಾರುಕಟ್ಟೆ ಇದೆಯೆಂದು ಯಾರೂ ತಿಳಿಯಬಾರದು. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದನ್ನು ನಿಷೇಧಿಸುತ್ತದೆ; ಮದ್ಯದ ವ್ಯಾಖ್ಯೆಯಲ್ಲಿ ವೈನ್ ಕೂಡ ಸೇರಿದೆ. ಅಕ್ರಮವಾಗಿ ಮದ್ಯ ತಯಾರಿಸುವ ಉದ್ದೇಶದಿಂದ ಉಪಕರಣಗಳನ್ನು ಇಟ್ಟುಕೊಳ್ಳುವುದೂ ಅಪರಾಧವೇ. ಅಮೆರಿಕದ 200 ಗ್ಯಾಲನ್ನಿನ ರಿಯಾಯಿತಿ ಇಲ್ಲಿಗೆ ಅನ್ವಯಿಸದು. ಮನೆಯಲ್ಲಿ ವೈನ್ ಮಾಡಿರಿ ಎಂಬ ಜಾಹೀರಾತಿನೊಡನೆ ಪಂಪು ಮಾರುವ ಅಂಗಡಿಯವನು ಗ್ರಾಹಕನನ್ನೂ ತನ್ನನ್ನೂ ತೊಂದರೆಗೆ ಒಡ್ಡಿದಂತಾಗುತ್ತದೆ.

ಕಾನೂನಿನ ದಾರಿಯೂ ಇದೆ. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿತು. ನಂದಿ ಬೆಟ್ಟದ ಸುತ್ತಲಿನ ಪ್ರದೇಶದಲ್ಲಿಯೂ ಕೃಷ್ಣಾ ಕಣಿವೆಯಲ್ಲಿಯೂ ಪರವಾನಗಿ ಪಡೆದ ವೈನ್ ಘಟಕಗಳು ತಲೆಯೆತ್ತಿವೆ. ಪ್ರಯೋಗಾಲಯದ ಸಣ್ಣ ಮಾದರಿಗಳಿಗೆ, ಅಲ್ಪ ಪ್ರಮಾಣದ ವಿಶೇಷ ವೈನ್ ತುಂಬುವುದಕ್ಕೆ ಈ ಘಟಕಗಳಿಗೆ ಕಿರು ಪಂಪು ಹಾಗೂ ತೊಳೆಯುವ ಸಾಧನಗಳು ಬೇಕಾಗುತ್ತವೆ. ಕೊಳ್ಳುವವನ ಪರವಾನಗಿಯ ಪ್ರತಿಯನ್ನು ಕಡತದಲ್ಲಿ ಇಟ್ಟುಕೊಂಡು ಮಾರುವುದು ಕ್ಷೇಮಕರ.

ತೆರಿಗೆಯ ಒಂದು ಸೂಕ್ಷ್ಮ

ಮಾನವ ಬಳಕೆಯ ಮದ್ಯ ಜಿ.ಎಸ್.ಟಿ. ವ್ಯಾಪ್ತಿಯ ಹೊರಗಿದೆ. ಆದರೆ ಅದನ್ನು ತಯಾರಿಸುವ ಯಂತ್ರಕ್ಕೆ ಜಿ.ಎಸ್.ಟಿ. ಇದೆ. ಇದರ ಪರಿಣಾಮವನ್ನು ಬೆಲೆ ಹೇಳುವಾಗ ಅರಿತಿರಬೇಕು. ಎರಡು ಲಕ್ಷ ರೂಪಾಯಿಯ ಯಂತ್ರಕ್ಕೆ ಶೇ. 18ರ ತೆರಿಗೆ ಎಂದು ಭಾವಿಸಿದರೆ ತೆರಿಗೆ 36,000 ರೂ. ಹಣ್ಣಿನ ರಸ ಮಾಡುವ ಘಟಕಕ್ಕೆ ತನ್ನ ಸರಕು ತೆರಿಗೆಗೆ ಒಳಪಟ್ಟಿದ್ದರೆ ಈ ಮೊತ್ತ ಹೂಡುವಳಿ ತೆರಿಗೆ ಜಮೆಯಾಗಿ ಮರಳುತ್ತದೆ. ಯಂತ್ರದ ನಿಜ ವೆಚ್ಚ ಎರಡು ಲಕ್ಷ. ವೈನ್ ಮಾತ್ರ ಮಾಡುವ ಘಟಕಕ್ಕೆ ಜಮೆ ದೊರೆಯದು. ವೆಚ್ಚ 2,36,000 ರೂ. ಎರಡನ್ನೂ ಮಾಡುವ ಘಟಕ ಯಂತ್ರದ ಜಮೆಯನ್ನು 60 ತಿಂಗಳಿಗೆ ಹಂಚಿ, ವೈನಿನ ವಹಿವಾಟಿನ ಪಾಲನ್ನು ಹಿಂದಿರುಗಿಸಬೇಕು. ಜಮೆ ದೊರೆಯದ ತೆರಿಗೆಯನ್ನು ಯಂತ್ರದ ಮೂಲ ಬೆಲೆಗೆ ಸೇರಿಸಿ ಸವಕಳಿ ಪಡೆಯಬಹುದು. ಆದರೆ ಒಂದೇ ಮೊತ್ತಕ್ಕೆ ಸವಕಳಿಯನ್ನೂ ಜಮೆಯನ್ನೂ ಪಡೆಯುವಂತಿಲ್ಲ.

ವರ್ಗೀಕರಣದಲ್ಲಿ ನಿರ್ವಾತ ಪಂಪು 8414ನೇ ಶೀರ್ಷಿಕೆಗೆ, ಬಾಟಲಿ ತೊಳೆಯುವ ಯಂತ್ರ 8422ಕ್ಕೆ, ದ್ರಾಕ್ಷಿ ಹಿಂಡುವ ಯಂತ್ರ 8435ಕ್ಕೆ ಸೇರುತ್ತವೆ. ನಲ್ಲಿಗೆ ಜೋಡಿಸುವ ಸರಳ ಹಿತ್ತಾಳೆಯ ಸಾಧನವೂ ಯಂತ್ರದ ಶೀರ್ಷಿಕೆಗೇ ಬರುತ್ತದೆಂದು ಊಹಿಸದೆ ಸಲಹೆ ಪಡೆಯುವುದು ಲೇಸು. ರಫ್ತು ಶೂನ್ಯ ದರದ ಪೂರೈಕೆಯಾದುದರಿಂದ ಮುಚ್ಚಳಿಕೆ ಪತ್ರ ಸಲ್ಲಿಸಿ ತೆರಿಗೆ ಕಟ್ಟದೆ ಕಳುಹಿಸಬಹುದು. ಉಳಿದ ಜಮೆಯನ್ನು ಮರುಪಾವತಿಯಾಗಿ ಕೇಳಬಹುದು. ಇದಕ್ಕೆ ಸಾಗಣೆ ದಾಖಲೆಗಳೂ ಹಣ ಬಂದ ದಾಖಲೆಗಳೂ ತಾಳೆಯಾಗಬೇಕು.

ಸ್ಥಳೀಯ ಅವಕಾಶ

ವೈನನ್ನು ಬದಿಗಿಟ್ಟು ನೋಡಿದರೂ ಈ ಉಪಕರಣಗಳಿಗೆ ಇಲ್ಲಿ ಕೆಲಸವಿದೆ. ಕರಾವಳಿಯ ಪುನರ್ಪುಳಿ ಪಾನಕ, ಮಲೆನಾಡಿನ ಹಣ್ಣಿನ ಶರಬತ್ತು, ವಿನೆಗರ್ ಮುಂತಾದುವನ್ನು ಗಾಜಿನ ಬಾಟಲಿಯಲ್ಲಿ ಮಾರುವ ಗೃಹೋದ್ಯಮಗಳು ಅನೇಕ. ಇಂತಹ ತೆಳು ದ್ರವಗಳನ್ನು ಒಂದೇ ಮಟ್ಟಕ್ಕೆ ತುಂಬಲು ನಿರ್ವಾತದ ಮೂತಿ ಅನುಕೂಲ. ಜೇನು, ಗಾಣದ ಎಣ್ಣೆಯಂತಹ ಮಂದ ದ್ರವಗಳಿಗೆ ಇದು ನಿಧಾನ. ಅವುಗಳಿಗೆ ಬೇರೆ ವಿಧಾನವೇ ಸರಿ. ಆದರೆ ಅವುಗಳ ಬಾಟಲಿಗಳನ್ನೂ ತೊಳೆಯಲೇಬೇಕಲ್ಲವೇ? ಹಿಂತಿರುಗಿ ಬಂದ ಗಾಜಿನ ಬಾಟಲಿಯನ್ನು ಮರುಬಳಸುವ ಘಟಕಕ್ಕೆ ತೊಳೆಯುವ ಸಾಧನವಿಲ್ಲದೆ ನಡೆಯದು. ಇಲ್ಲಿ ಅಬಕಾರಿಯ ತೊಡಕಿಲ್ಲ. ಕೊಳ್ಳುವವರಿಗೆ ಆಹಾರ ಸುರಕ್ಷತಾ ನೋಂದಣಿ ಅಥವಾ ಪರವಾನಗಿ ಇದ್ದರಾಯಿತು.

ವರ್ಷಕ್ಕೆ ಎರಡು ಜಾಡಿ ತುಂಬಿಸುವ ಹವ್ಯಾಸಿಗೆ ಪಂಪಿನ ಅಗತ್ಯವಿಲ್ಲ, ಸೈಫನ್ ಕೊಳವೆ ಸಾಕು ಎಂದು ಪ್ರಾಮಾಣಿಕವಾಗಿ ಹೇಳುವ ವ್ಯಾಪಾರಿಯ ಬಳಿಗೆ ಅದೇ ಗ್ರಾಹಕ ಇಪ್ಪತ್ತು ಜಾಡಿಯ ಕಾಲಕ್ಕೆ ಮರಳಿ ಬರುತ್ತಾನೆ. ಅಳತೆ ಸರಿಯಾಗಿರುವ, ಲೋಹ ಶುದ್ಧವಾಗಿರುವ, ಅಪಾಯವನ್ನು ಮರೆಮಾಚದ ಸರಕು ನಿಧಾನವಾಗಿಯಾದರೂ ತನ್ನ ಮಾರುಕಟ್ಟೆಯನ್ನು ಕಂಡುಕೊಳ್ಳುತ್ತದೆ. ಆತುರದಲ್ಲಿ ಎರಕ ಹೊಯ್ದು ಅಗ್ಗದಲ್ಲಿ ಕಳುಹಿಸಿದ ಸರಕು ಅಷ್ಟೇ ಬೇಗ ಹಡಗಿನಲ್ಲಿ ಹಿಂದಿರುಗುತ್ತದೆ, ಸಾಗಣೆಯ ಬಿಲ್ಲಿನೊಂದಿಗೆ. ತಾಳಿದವನು ಬಾಳಿಯಾನು ಎಂಬ ಗಾದೆ ಉಪಕರಣ ತಯಾರಿಕೆಗೂ ಸಲ್ಲುತ್ತದೆ. ಈ ಕ್ಷೇತ್ರಕ್ಕೆ ಇಳಿಯಬಯಸುವ ಉದ್ಯಮಿಗಳು ಮೊದಲು ಹತ್ತು ಸಾಧನಗಳನ್ನು ಮಾಡಿ ಬಳಸುವವರ ಕೈಗೆ ಕೊಟ್ಟು, ಅವರ ದೂರುಗಳನ್ನು ಬರೆದಿಟ್ಟುಕೊಂಡು, ಅನಂತರವೇ ಸಾವಿರದ ಆದೇಶಕ್ಕೆ ಸಹಿ ಹಾಕುವುದು ಸೂಕ್ತ.